ಪೋಸ್ಟ್ ಡಬ್ಬದ ಮೇಲೆ ಯಾವ ಹೆಸರು ಬರೀಬೇಕು ಅಂತ ಯಾರೂ ಹೇಳ್ಲಿಲ್ಲ

ಸಂಪಾದಕರಿಗೆ ನಮಸ್ಕಾರ,

ನಾನು ಹಾಸನದ ಸಾಲಗಾಮೆ ರಸ್ತೆ ಕಡೆ ಜೆರಾಕ್ಸ್, ಪ್ರಿಂಟು, ಲ್ಯಾಮಿನೇಷನ್ ಅಂಗಡಿ ಇಟ್ಕೊಂಡಿರೋನು, ಹನ್ನೊಂದು ವರ್ಷ ಆಯ್ತು. ಪತ್ರ ಗಿತ್ರ ಬರೆದು ಅಭ್ಯಾಸ ಇಲ್ಲ, ಬೇರೆಯವರ ಅರ್ಜಿ ಟೈಪ್ ಮಾಡಿ ಅಭ್ಯಾಸ, ಹಂಗಾಗಿ ತಪ್ಪಿದ್ರೆ ತಿದ್ಕೊಳಿ. ಹೋದ ವಾರ ನಿಮ್ಮ ಪೇಪರಿನ ಜಿಲ್ಲಾ ಪುಟದಲ್ಲಿ ಫಾರಿನ್‌ಗೆ ಓದೋಕೆ ಹೊರಟ ಹುಡುಗನಿಗೆ ಹಾರ ಶಾಲು ಹಾಕಿ ಸನ್ಮಾನ ಮಾಡಿದ ಫೋಟೋ ಬಂದಿತ್ತಲ್ಲ, ಅದರ ಎದುರು ಪುಟದಲ್ಲೇ ಅರ್ಧ ಪೇಜು ಕನ್ಸಲ್ಟೆನ್ಸಿ ಜಾಹೀರಾತು, ಎರಡನ್ನೂ ನೋಡ್ದಾಗ ಇದನ್ನ ಬರೀಲೇಬೇಕು ಅನ್ಸ್ತು. ಹುಡುಗನಿಗೆ ಒಳ್ಳೇದಾಗ್ಲಿ, ಅವನ ಮೇಲೆ ನನಗೇನೂ ಇಲ್ಲ. ಆದ್ರೆ ಶಾಲು ಹಾಕ್ಸ್ಕೊಂಡು ವಿಮಾನ ಹತ್ತಿ ಆ ಕಡೆ ಇಳಿದ ಮೇಲೆ ಮೊದಲ ಹದಿನೈದು ಇಪ್ಪತ್ತು ದಿನ ಏನಾಗುತ್ತೆ ಅನ್ನೋದನ್ನ ಯಾವ ಪೇಪರೂ ಬರೆಯಲ್ಲ, ಯಾವ ಕನ್ಸಲ್ಟೆನ್ಸಿನೂ ಹೇಳಲ್ಲ, ಹೋದ ಮಕ್ಕಳಂತೂ ಮನೇಲಿ ಹೇಳೋದೇ ಇಲ್ಲ.

ನನ್ನ ತಂಗಿ ಹೋದ ವರ್ಷ ಅಕ್ಟೋಬರ್‌ನಲ್ಲಿ ಜರ್ಮನಿಗೆ ಹೋದ್ಲು, ಎಂಎಸ್ ಓದೋಕೆ, ಕೆಮ್ನಿಟ್ಸ್ ಅನ್ನೋ ಊರು. ಹೆಸರು ಕೇಳಿರಲ್ಲ ನೀವು, ನಾನೂ ಕೇಳಿರಲಿಲ್ಲ, ಎರಡೂವರೆ ಲಕ್ಷದ ಹತ್ರ ಜನ ಇರೋ ಊರು. ಹಿಂದೆ ಆ ಭಾಗ ಪೂರ್ವ ಜರ್ಮನಿ ಆಗಿತ್ತು, ಆಗ 1953ರಿಂದ 1990ರವರೆಗೆ ಅದರ ಹೆಸರು ಕಾರ್ಲ್ ಮಾರ್ಕ್ಸ್ ಸ್ಟಾಟ್ ಅಂತ ಇತ್ತಂತೆ. ಈಗ್ಲೂ ಊರ ಮಧ್ಯ ಮಾರ್ಕ್ಸ್‌ನ ತಲೆ ಮಾತ್ರ ಇದೆ, 7 ಮೀಟರ್ ಎತ್ತರ, ಮೈ ಇಲ್ಲ. ಅದರ ಮುಂದೆ ನಿಂತು ಕಳಿಸಿದ ಫೋಟೋನ ನಮ್ಮಪ್ಪ ತಿರುಗಿಸಿ ತಿರುಗಿಸಿ ನೋಡಿ, ಬೆಳಗೊಳದ ಗೊಮ್ಮಟ 58 ಅಡಿ ಇದ್ರೂ ಕಾಲಿನ ಬೆರಳವರೆಗೆ ಮಾಡವ್ರೆ, ಇವ್ರಿಗೆ ತಲೆಗೇ ಕಲ್ಲು ಮುಗೀತಾ ಅಂತ ಕೇಳಿದ್ರು. ಅದು ಕಂಚು ಕಣಪ್ಪ ಅಂತ ಅವಳು ಹೇಳಿದ್ಲು, ಇರ್ಲಿ ಬಿಡಿ.

ಆ ಕಡೆಗೆ ಹೋಗೋಕೆ ಮುಂಚಿನ ಕಥೆ ನಂಗೆ ಬಾಯಿಪಾಠ. ಹಾಸನದಿಂದ ಹೊರಡೋ ಎಷ್ಟೋ ಮಕ್ಕಳ ಮಾರ್ಕ್ಸ್ ಕಾರ್ಡು, ಟ್ರಾನ್ಸ್‌ಕ್ರಿಪ್ಟು, ಶಿಫಾರಸು ಪತ್ರ ಎಲ್ಲಾ ನನ್ನ ಮಿಷನ್ನಿನ ಗಾಜಿನ ಮೇಲೇ ಹಾದು ಹೋಗೋದು. 2022ರ ನವೆಂಬರ್‌ನಿಂದ ಜರ್ಮನಿಗೆ ಎಪಿಎಸ್ ಅಂತ ಒಂದು ಸರ್ಟಿಫಿಕೇಟ್ ಕಡ್ಡಾಯ ಮಾಡಿದಾರೆ, ನಮ್ಮ ಮಾರ್ಕ್ಸ್ ಕಾರ್ಡುಗಳು ಅಸಲಿನಾ ನಕಲಿನಾ ಅಂತ ನೋಡಿ ಕೊಡೋದು, ತಂಗಿ ಮಾಡಿಸಿದಾಗ ಅದಕ್ಕೇ 18,000 ರೂಪಾಯಿ ಆಯ್ತು. ಆಮೇಲೆ ಬ್ಲಾಕ್ಡ್ ಅಕೌಂಟ್, ಅದರಲ್ಲಿ 11,904 ಯೂರೋ ಮೊದಲೇ ಕಟ್ಟಿಡಬೇಕು, ನಮ್ಮ ದುಡ್ಡಲ್ಲಿ ಹನ್ನೆರಡು ಲಕ್ಷದ ಮೇಲೆ, ಅಲ್ಲಿ ಹೋದ್ಮೇಲೆ ತಿಂಗಳಿಗೆ 992 ಯೂರೋ ಅಂತ ನಮ್ಮ ದುಡ್ಡನ್ನೇ ನಮಗೆ ಬಿಡ್ತಾರೆ. ಸರ್ಕಾರಿ ಯೂನಿವರ್ಸಿಟಿ ಆದ್ದರಿಂದ ಫೀಸು ಅಂತ ದೊಡ್ಡದಿಲ್ಲ, ಆದ್ರೆ ಈ ಹನ್ನೆರಡು ಲಕ್ಷ ಹೊಂದಿಸೋದರಲ್ಲಿ ಅಪ್ಪನ ಎರಡು ವರ್ಷದ ಆಲೂಗಡ್ಡೆ ಬೆಳೆ, ನನ್ನ ಚೀಟಿ ದುಡ್ಡು, ಅಮ್ಮನ ಸರ ಎಲ್ಲಾ ಸೇರ್ಕೊಂಡಿದೆ. ಅದನ್ನ ಬರೆಯೋಕೆ ಈ ಪತ್ರ ಅಲ್ಲ.

ಇಷ್ಟೆಲ್ಲ ಪೇಪರು ಮಾಡ್ಸಿ ಕೊಟ್ಟ ಬೆಂಗಳೂರಿನ ಕನ್ಸಲ್ಟೆನ್ಸಿಯವರು (ಹೆಸರು ಬೇಡ, ಎಲ್ಲಾ ಒಂದೇ ತರ ಇದಾರೆ) ಕೊನೇಲಿ ಹೋಗೋ ಮಕ್ಕಳಿಗೆ ಆನ್‌ಲೈನಲ್ಲಿ ಒಂದು ಗಂಟೆ ಕ್ಲಾಸ್ ಮಾಡಿದ್ರು. ಅಂಗಡೀಲಿ ಕೂತೇ ಕೇಳಿದ್ಲು ತಂಗಿ, ನಾನೂ ಪಕ್ಕದಲ್ಲಿ ಬೈಂಡಿಂಗ್ ಮಾಡ್ತಾ ಕಿವಿ ಕೊಟ್ಟಿದ್ದೆ. ಜಾಕೆಟ್ ಯಾವ್ದು ತಗೊಳಿ, ಫಾರೆಕ್ಸ್ ಕಾರ್ಡ್ ನಮ್ಮಲ್ಲೇ ಮಾಡ್ಸಿ, ನಗ್ತಾ ಇರಿ, ಏರ್‌ಪೋರ್ಟಲ್ಲಿ ಫೋಟೋ ತೆಗೆದು ನಮ್ಮನ್ನ ಟ್ಯಾಗ್ ಮಾಡಿ. ಮನೆ ಬಗ್ಗೆ ಯಾರೋ ಒಬ್ಬ ಕೇಳ್ದ, ಅದಕ್ಕೆ ಟೆಂಪರರಿ ಅಕಾಮಡೇಷನ್ ಹದಿನೈದು ದಿನಕ್ಕೆ ನಾವೇ ಬುಕ್ ಮಾಡ್ಕೊಡ್ತೀವಿ, ಎಕ್ಸ್‌ಟ್ರಾ ಚಾರ್ಜು, ಆಮೇಲೆ ಅಲ್ಲೇ ಸಿಗುತ್ತೆ ಬಿಡಿ ಅಂದ್ರು. ಎಲ್ಲಾ ತೊಂದರೆ ಶುರುವಾಗಿದ್ದು ಈ 'ಬಿಡಿ'ಯಿಂದ.

ಹೊರಟಿದ್ದು ಆಯುಧಪೂಜೆ ದಿನ. ಬೆಳಿಗ್ಗೆ ಜೆರಾಕ್ಸ್ ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟು, ಕಾರಿಗೆ ಕುಂಬಳಕಾಯಿ ಒಡೆದು, ಮಧ್ಯಾಹ್ನ ಸೂಟ್‌ಕೇಸ್ ತೂಕ ಮಾಡೋ ಕೆಲಸ. ಆಲೂಗಡ್ಡೆ ಮೂಟೆ ತೂಗೋ ತಕ್ಕಡೀಲಿ ಇಟ್ರೆ ಒಂದೊಂದೂ ಎರಡು ಮೂರು ಕೆಜಿ ಜಾಸ್ತಿ. ಅಮ್ಮ ಬೆಣ್ಣೆ ಕಾಯಿಸಿ ಒಂದು ಕೆಜಿ ತುಪ್ಪ ಹಾರ್ಲಿಕ್ಸ್ ಬಾಟ್ಲಿಗೆ ತುಂಬಿ, ಅದಕ್ಕೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ರು. ಹೊರಗಿನ ದೇಶದಿಂದ ಯುರೋಪಿಗೆ ಹೋಗೋರು ಹಾಲಿನ ಪದಾರ್ಥ, ಮಾಂಸದ ಪದಾರ್ಥ ಹಿಡ್ಕೊಂಡು ಹೋಗಂಗಿಲ್ಲ, ತುಪ್ಪನೂ ಅದರಲ್ಲಿ ಬರುತ್ತೆ, ಹಾಲಿನ ಸ್ವೀಟೂ ಬರುತ್ತೆ. ಹಸಿ ಕರಿಬೇವಂತೂ ಮುಟ್ಟಂಗೇ ಇಲ್ಲ. ಇದು ನನಗೆ ಗೊತ್ತಾಗಿದ್ದು ಒಬ್ಬ ಹಳೇ ಗಿರಾಕಿ ಹುಡುಗ ಫೋನ್ ಮಾಡಿ ಹೇಳಿದ್ದಕ್ಕೆ. ತುಪ್ಪ ಆಚೆ ತೆಗೀತಿದ್ರೆ ಅಮ್ಮ, ಹೆತ್ತೋರ ಮನೆ ತುಪ್ಪಕ್ಕೂ ಪೊಲೀಸ್ ಹಿಡೀತಾರೇನೋ ಅಂತ ನನ್ನ ಮೇಲೆ ರೇಗಿದ್ರು. ಕೊನೆಗೆ ಸಾರಿನ ಪುಡಿ, ಚಟ್ನಿಪುಡಿ, ರಾಗಿ ಹಿಟ್ಟು, ಕಾಫಿಪುಡಿ, ಕೋಡುಬಳೆ, ಒಂದು ಮೂರು ಲೀಟರ್ ಕುಕ್ಕರ್ ಇಷ್ಟು ಹೋಯ್ತು. ಕುಕ್ಕರ್ ಒಳಗೆ ಸಾಕ್ಸು ತುಂಬಿದ್ವಿ, ಜಾಗ ಯಾಕೆ ವೇಸ್ಟು ಅಂತ.

ಅಕ್ಟೋಬರ್ 2ಕ್ಕೆ, ಇಲ್ಲಿ ವಿಜಯದಶಮಿ, ಫ್ರಾಂಕ್‌ಫರ್ಟಲ್ಲಿ ಇಳಿದು, ಲೀಪ್‌ಜಿಗ್‌ವರೆಗೆ ಒಂದು ಟ್ರೈನು, ಅಲ್ಲಿಂದ ಚಿಕ್ಕ ಟ್ರೈನು, ರೂಮು ಸೇರೋ ಹೊತ್ತಿಗೆ ರಾತ್ರಿ. ಸುಸ್ತಾಗಿದೆ ನಾಳೆ ಅಂಗಡಿಗೆ ಹೋಗ್ತೀನಿ ಅಂತ ಮಲಗಿದ್ಲು. ನಾಳೆ ಅಂದ್ರೆ ಅಕ್ಟೋಬರ್ 3, ಎರಡು ಜರ್ಮನಿ ಒಂದಾದ ದಿನ ಅಂತ ದೇಶಕ್ಕೆಲ್ಲ ರಜಾ. ರಜಾ ಅಂದ್ರೆ ನಮ್ಮಲ್ಲಿ ಬ್ಯಾಂಕು ಆಫೀಸು ಮುಚ್ಚುತ್ತೆ, ಸಂತೆಪೇಟೆ ಮುಚ್ಚುತ್ತಾ? ಅಲ್ಲಿ ಸೂಪರ್ ಮಾರ್ಕೆಟ್ಟೂ ಮುಚ್ಚಿತ್ತು. ಅವಳು ಆ ದಿನ ಪೂರ್ತಿ ಕೋಡುಬಳೆ ತಿಂದ್ಕೊಂಡು ನಲ್ಲಿ ನೀರು ಕುಡ್ಕೊಂಡು ಇದ್ದಾಳೆ, ನಮಗೆ ಮಾತ್ರ ಊಟ ಆಯ್ತು ಊಟ ಆಯ್ತು ಅಂತಿದ್ಲು. ಶನಿವಾರ ಅಂಗಡಿ ತೆಗೆದಿತ್ತು, ಭಾನುವಾರ ಮತ್ತೆ ಬಂದ್. ಭಾನುವಾರ ಅಲ್ಲಿ ಅಂಗಡಿ ತೆಗೆಯಲ್ಲ, ಇದು ಪ್ರತೀ ಭಾನುವಾರದ್ದು, ರೈಲ್ವೆ ಸ್ಟೇಷನ್ ಒಳಗೆ ಒಂದೆರಡು ತೆಗೆದಿರ್ತಾವೆ ಅಂತ ಆಮೇಲೆ ಗೊತ್ತಾಯ್ತು. ಟಿಕೆಟ್ ಬುಕ್ ಮಾಡುವಾಗ ಕ್ಯಾಲೆಂಡರ್ ನೋಡಿ ಅಂತ ಒಬ್ಬರೂ ಹೇಳಿರಲಿಲ್ಲ, ರೇಟು ಕಮ್ಮಿ ಇರೋ ದಿನ ಅಂತ ನಾವೂ ಖುಷಿಯಾಗಿ ಬುಕ್ ಮಾಡಿದ್ವಿ.

ಆ ಭಾನುವಾರದ ಕಥೆ ಹೇಳ್ಬೇಕು. ಇಲ್ಲಿ ರಾತ್ರಿ ಎಂಟೂವರೆ, ಬೆಳಿಗ್ಗೆಯಿಂದ ಯಾರದೋ ಅರ್ಜೆಂಟ್ ಬೈಂಡಿಂಗ್ ಮಾಡಿ ಮುಗಿಸಿ ಶಟರ್ ಅರ್ಧ ಎಳೆದಿದ್ದೆ, ಫೋನು. ಅಲ್ಲಿ ಆಗ ಸಂಜೆ ಐದು, ಮೂರೂವರೆ ಗಂಟೆ ನಮಗಿಂತ ಹಿಂದೆ. ಅಣ್ಣಾ ಅಂದವಳು ಮುಂದಕ್ಕೆ ಮಾತಾಡ್ಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ್ಲು, ಕಸ ಹಾಕೋಕೆ ಅಂತ ಕೆಳಗೆ ಹೋಗಿದೀನಿ, ಬಾಗಿಲು ಎಳ್ಕೊಂಡಿದೀನಿ, ಕೀ ಒಳಗೇ ಇದೆ. ಅಲ್ಲಿ ಬಾಗಿಲಿಗೆ ಆಚೆ ಕಡೆ ತಿರುಗಿಸೋ ಹಿಡಿ ಇರಲ್ಲವಂತೆ, ಸುಮ್ನೆ ಒಂದು ಗುಬ್ಬಿ, ಎಳೆದ್ರೆ ಸಾಕು ಲಾಕು, ಕೀ ಇಲ್ದೆ ತೆಗೆಯಂಗಿಲ್ಲ. ನಮ್ಮ ಮನೇಲಿ ಚಿಲಕ ಹಾಕ್ಕೊಂಡ್ರೆ ತಾನೇ ಬಾಗಿಲು ಹಾಕ್ದಂಗೆ. ಹವಾಯಿ ಚಪ್ಪಲಿ, ಮೇಲೊಂದು ಕಾಟನ್ ಟಾಪು, ಜಾಕೆಟ್ ಇಲ್ಲ, ಫೋನಲ್ಲಿ ಹನ್ನೆರಡು ಪರ್ಸೆಂಟ್ ಚಾರ್ಜು. ಅಲ್ಲಿನ ಸಿಮ್ಮು ಇನ್ನೂ ಆಗಿರಲಿಲ್ಲ, ಮುಚ್ಚಿದ ಬಾಗಿಲಿನ ಒಳಗಿಂದ ಬರೋ ವೈಫೈ ಹಿಡ್ಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತು ಮಾತಾಡ್ತಿದಾಳೆ, ಎರಡು ಮೆಟ್ಟಿಲು ಇಳಿದ್ರೆ ಕಾಲ್ ಕಟ್ಟಾಗುತ್ತೆ. ಮೆಟ್ಟಿಲ ಲೈಟು ಎರಡು ನಿಮಿಷಕ್ಕೊಂದ್ಸಲ ತಾನಾಗೇ ಆರೋಗುತ್ತೆ, ಎದ್ದು ಹೋಗಿ ಒತ್ತಿ ಬಂದು ಕೂರ್ಬೇಕು. ಪಕ್ಕದ ಮನೆ ಬಾಗಿಲು ತಟ್ಟೇ ಅಂದೆ. ಭಾನುವಾರ ಯಾರಿಗೂ ತೊಂದರೆ ಕೊಡಬಾರದಂತೆ ಅಣ್ಣ, ಗಲಾಟೆ ಮಾಡಂಗಿಲ್ಲ, ವಾಷಿಂಗ್ ಮಿಷನ್ನೂ ಹಾಕಂಗಿಲ್ಲ ಅಂತ ರೂಮಲ್ಲಿ ಬರೆದು ಅಂಟಿಸಿದಾರೆ ಅಂದ್ಲು. ಬೀಗ ತೆಗೆಯೋರನ್ನ ಕರೆಸೋಣ ಅಂತ ನಾನು ಇಲ್ಲಿಂದ ನೆಟ್ಟಲ್ಲಿ ಹುಡುಕಿದ್ರೆ, ಭಾನುವಾರ ಅವ್ರನ್ನ ಕರೆಸಿದ್ರೆ ಕೇಳೋ ದುಡ್ಡಿಗೆ ಇಲ್ಲಿ ಹೊಸ ಬಾಗಿಲೇ ಹಾಕಿಸ್ಬೋದು. ಹಾಸನದಲ್ಲಿ ಅರ್ಧ ಶಟರ್ ಕೆಳಗೆ ನಿಂತ ನಾನು ಏನ್ ಮಾಡಕಾಗುತ್ತೆ ಹೇಳಿ. ಫೋನ್ ಇಡು ಚಾರ್ಜ್ ಉಳಿಸ್ಕೋ, ಅರ್ಧ ಗಂಟೆಗೊಂದ್ಸಲ ಮೆಸೇಜ್ ಹಾಕು ಅಂದೆ. ಅಲ್ಲಿನ ಟೈಮು ಏಳೂ ಹತ್ತಕ್ಕೆ ಅದೇ ಫ್ಲ್ಯಾಟಿನ ಇನ್ನೊಂದು ರೂಮಿನ ಹುಡುಗಿ ಬಂದು ಬಾಗಿಲು ತೆಗೆದ್ಲಂತೆ, ಯಾವ ದೇಶದವಳೋ, ಒಂದು ಮಾತೂ ಆಡ್ದೆ ಟೀ ಮಾಡ್ಕೊಟ್ಲಂತೆ. ಅಮ್ಮನಿಗೆ ಈ ವಿಷಯ ಇವತ್ತಿನವರೆಗೂ ಹೇಳಿಲ್ಲ. ಅಮ್ಮ ಪೇಪರ್ ಓದಲ್ಲ, ಅಪ್ಪ ಓದ್ತಾರೆ, ಅಪ್ಪಾ ನೀವು ಹೇಳಬೇಡಿ.

ಇವೆಲ್ಲ ಒಂದು ದಿನದ ಕಷ್ಟ. ನಿಜವಾದ ಗಂಟು ಇರೋದು ಮನೆ ಪೇಪರಲ್ಲಿ. ಅಲ್ಲಿ ಮನೆಗೆ ಸೇರಿದ ಎರಡು ವಾರದ ಒಳಗೆ ನಾವು ಇಂಥಾ ವಿಳಾಸದಲ್ಲಿ ಇದೀವಿ ಅಂತ ನಮ್ಮ ನಾಡಕಚೇರಿ ತರದ ಆಫೀಸಲ್ಲಿ ರಿಜಿಸ್ಟ್ರೇಷನ್ ಮಾಡಿಸ್ಬೇಕು, ಅನ್‌ಮೆಲ್ಡುಂಗ್ ಅಂತಾರೆ. ಅದಕ್ಕೆ ಮನೆ ಕೊಟ್ಟವರು ಹೌದು ಇವರು ನಮ್ಮ ಮನೇಲಿದಾರೆ ಅಂತ ಸಹಿ ಹಾಕಿದ ಪತ್ರ ಬೇಕು. ಆ ಪತ್ರದ ಹೆಸರು ವೋನುಂಗ್ಸ್‌ಗೇಬರ್‌ಬೆಸ್ಟೆಟಿಗುಂಗ್, ನಾನು ನುಡಿ ಸಾಫ್ಟ್‌ವೇರಲ್ಲಿ ಎಂಥೆಂಥಾ ಕೋರ್ಟು ಕಾಗದ ಟೈಪ್ ಮಾಡಿದೀನಿ, ಇಷ್ಟುದ್ದದ ಒಂದು ಪದ ಟೈಪ್ ಮಾಡಿರಲಿಲ್ಲ. 2015ರಿಂದ ಇದು ಕಡ್ಡಾಯ. ತಂಗಿ ಬ್ಯಾಂಕಿಗೆ ಹೋದ್ಲು, ಆ ರಿಜಿಸ್ಟ್ರೇಷನ್ ತನ್ನಿ ಅಂದ್ರು. ಬ್ಯಾಂಕ್ ಅಕೌಂಟ್ ಇಲ್ದೆ ಬ್ಲಾಕ್ಡ್ ಅಕೌಂಟಿಂದ ತಿಂಗಳ ದುಡ್ಡು ಬರಲ್ಲ. ರೆಸಿಡೆನ್ಸ್ ಪರ್ಮಿಟ್ಟಿಗೂ ಅದೇ ಬೇಕು, ಟ್ಯಾಕ್ಸ್ ನಂಬರ್ ಬರೋದೂ ಅದಾದ ಮೇಲೇ, ಆ ನಂಬರ್ ಇಲ್ದೆ ಪಾರ್ಟ್ ಟೈಮ್ ಕೆಲಸಕ್ಕೂ ತೊಡಕು. ಅಂದ್ರೆ ಎಲ್ಲಾ ಆ ಒಂದು ಕಾಗದದ ಬಾಲ ಹಿಡ್ಕೊಂಡೇ ಹೋಗೋದು. ಕನ್ಸಲ್ಟೆನ್ಸಿಯವರು ಎಕ್ಸ್‌ಟ್ರಾ ಚಾರ್ಜ್ ತಗೊಂಡು ಬುಕ್ ಮಾಡ್ಕೊಟ್ಟ ಹದಿನೈದು ದಿನದ ರೂಮಲ್ಲಿ ಆ ಕಾಗದ ಕೊಡಲ್ಲ. ಕೊಡಲ್ಲ ಅಂತ ಅವರಿಗೆ ಗೊತ್ತಿತ್ತಾ ಅಂತ ನಾನು ಫೋನ್ ಮಾಡಿ ಕೇಳ್ದೆ. ಸರ್ ಅದು ನಮ್ಮ ಸ್ಕೋಪಲ್ಲಿ ಬರಲ್ಲ ಅಂದ್ರು. ವೀಸಾ ಆಗೋವರೆಗೆ ದಿನಕ್ಕೆ ನಾಲ್ಕು ಸಲ ಅಣ್ಣಾ ಅಣ್ಣಾ ಅಂತಿದ್ದ ಹುಡುಗ ಸಾರ್ ಅಂದಾಗಲೇ ನಂಗೆ ಅರ್ಥ ಆಯ್ತು.

ಹಂಗಾಗಿ ಅವಳು ಇಳಿದಾಗಿಂದ ಕ್ಲಾಸಿಗೆ ಓಡೋದು, ಮನೆ ಹುಡುಕೋದು. ಹಾಸ್ಟೆಲ್‌ಗೆ ಮೊದಲೇ ಅಪ್ಲೈ ಮಾಡ್ಬೇಕಿತ್ತು, ಅಡ್ಮಿಷನ್ ಲೆಟರ್ ಬಂದ ದಿನವೇ, ನಾವು ವೀಸಾ ಬರ್ಲಿ ಆಮೇಲೆ ನೋಡೋಣ ಅಂತ ಕೂತಿದ್ವಿ, ಅದು ನಮ್ಮ ತಪ್ಪೇ. ಆ ಹೊತ್ತಿಗೆ ಇಲ್ಲಿ ಹಾಸನಾಂಬೆ ಬಾಗಿಲು ತೆಗೆದಿದ್ರು, ಊರು ತುಂಬಾ ಜನ, ಅಂಗಡಿ ಮುಂದೆ ಗಾಡಿ ನಿಲ್ಸೋಕೆ ಜಾಗ ಇಲ್ಲ. ಅಮ್ಮ ಬೆಳಗಿನ ಜಾವ ಎದ್ದು ಹೋಗಿ ಧರ್ಮದರ್ಶನದ ಸಾಲಲ್ಲಿ ನಿಂತಿದ್ರು, ಮಗಳಿಗೊಂದು ಸೂರು ಸಿಗ್ಲಿ ಅಂತ ಹರಕೆ. ಅದೇ ದಿನ ಸಂಜೆ, ದಾವಣಗೆರೆ ಕಡೆಯ ಸೀನಿಯರ್ ಹುಡುಗ ಒಬ್ಬ, ಒಂದು ಶೇರಿಂಗ್ ಫ್ಲ್ಯಾಟಲ್ಲಿ ರೂಮ್ ಖಾಲಿ ಆಗ್ತಿದೆ, ಕಾಗದನೂ ಕೊಡ್ತಾರೆ ಅಂತ ಮೆಸೇಜ್ ಹಾಕಿದ. ಅಮ್ಮ ಹೇಳೋದು ಹಾಸನಾಂಬೆ ಕೊಡ್ಸಿದ್ದು ಅಂತ, ತಂಗಿ ಹೇಳೋದು ವಾಟ್ಸಾಪ್ ಗ್ರೂಪ್ ಕೊಡ್ಸಿದ್ದು ಅಂತ, ನಾನು ಮಧ್ಯ ಬಾಯಿ ಹಾಕಲ್ಲ. ಅಡ್ವಾನ್ಸಿಗೆ ಆ ಹುಡುಗನೇ ತನ್ನ ಅಕೌಂಟಿಂದ ದುಡ್ಡು ಹಾಕ್ದ, ಮುಖ ಪರಿಚಯ ಕೂಡ ಸರಿಯಾಗಿ ಇರಲಿಲ್ಲ. ಅವನ ಅಪ್ಪ ಅಮ್ಮ ಯಾರೋ, ಅವರಿಗೆ ಈ ಪತ್ರದ ಮೂಲಕ ಒಂದು ನಮಸ್ಕಾರ.

ಮನೆ ಸಿಕ್ತು, ಕಾಗದ ಸಿಕ್ತು, ರಿಜಿಸ್ಟ್ರೇಷನ್ ಆಯ್ತು, ಬ್ಯಾಂಕಲ್ಲಿ ಅಕೌಂಟ್ ಓಪನ್ ಆಯ್ತು, ಕಾರ್ಡು ಪಿನ್ನು ಪೋಸ್ಟಲ್ಲಿ ಬರುತ್ತೆ ಅಂದ್ರು. ಒಂದು ವಾರ ಕಾದ್ಲು. ಎರಡನೇ ವಾರ. ಬರ್ಲಿಲ್ಲ. ಇನ್ಶೂರೆನ್ಸ್ ಕಾರ್ಡೂ ಬರ್ಲಿಲ್ಲ. ಇನ್ಶೂರೆನ್ಸಿಗೆ ತಿಂಗಳಿಗೆ ಸುಮಾರು 140 ಯೂರೋ ಹೋಗುತ್ತೆ, ಕಾರ್ಡ್ ಮಾತ್ರ ಇಲ್ಲ. ಕೈಯಲ್ಲಿದ್ದ ದುಡ್ಡು ಕರಗ್ತಾ ಬಂತು. ಅಷ್ಟೊತ್ತಿಗೆ ದೀಪಾವಳಿ ಕಳೆದಿತ್ತು. ಆಗ ಬ್ಯಾಂಕಿಗೆ ಹೋಗಿ ವಿಚಾರಿಸಿದ್ರೆ, ನಿಮ್ಮ ಲೆಟರ್ ವಾಪಸ್ ಬಂದಿದೆ, ಆ ವಿಳಾಸದಲ್ಲಿ ಆ ಹೆಸರಿನವರು ಇಲ್ಲವಂತೆ ಅಂದ್ರು.

ಅವಳು ಅಳ್ತಾ ಪೋಸ್ಟ್ ಡಬ್ಬಗಳ ಫೋಟೋ ಕಳಿಸಿದ್ಲು. ಬಿಲ್ಡಿಂಗ್ ಕೆಳಗೆ ಬಾಗಿಲ ಪಕ್ಕ ಸಾಲಾಗಿ ತಗಡಿನ ಡಬ್ಬಗಳು, ಒಂದೊಂದರ ಮೇಲೆ ಹೆಬ್ಬೆರಳಗಲ ಹೆಸರಿನ ಪಟ್ಟಿ. ಅಲ್ಲಿ ಮನೆ ನಂಬರ್ ಅಂತ ಫ್ಲ್ಯಾಟಿಗೆ ಇರಲ್ವಂತೆ, ಬೀದಿ ಹೆಸರು ಬಿಲ್ಡಿಂಗ್ ನಂಬರಿದೆ, ಆಮೇಲೆ ಡಬ್ಬದ ಮೇಲಿರೋ ಹೆಸರೇ ಗತಿ, ಹೆಸರಿಲ್ಲ ಅಂದ್ರೆ ಪೋಸ್ಟ್‌ಮ್ಯಾನು ವಾಪಸ್ ಕಳಿಸ್ತಾನೆ. ಅವಳದ್ದರ ಮೇಲೆ ನೋಟ್‌ಬುಕ್ ಹಾಳೇಲಿ ಪೆನ್ನಲ್ಲಿ ಬರೆದು ಸೆಲ್ಲೋ ಟೇಪ್ ಹಾಕಿತ್ತು, ಎರಡು ಇನಿಷಿಯಲ್ಲು, ಅವಳ ಹೆಸರು. ನಮ್ಮ ಕಡೆ ಮಾರ್ಕ್ಸ್ ಕಾರ್ಡಲ್ಲಿ ಹೆಂಗಿರುತ್ತೋ ಹಂಗೆ, ಮೊದಲು ಊರಿನ ಅಕ್ಷರ, ಆಮೇಲೆ ಅಪ್ಪನ ಅಕ್ಷರ, ಆಮೇಲೆ ತನ್ನ ಹೆಸರು. ಆದ್ರೆ ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಖಾಲಿ ಬಿಡಬೇಡಿ ಅಂತ ಯಾರೋ ಹೇಳಿದ್ದಕ್ಕೆ ಅಪ್ಪನ ಪೂರ್ತಿ ಹೆಸರನ್ನ ಸರ್‌ನೇಮ್ ಜಾಗದಲ್ಲಿ ಹಾಕಿದ್ವಿ. ಆ ಅರ್ಜಿ ಟೈಪ್ ಮಾಡಿದ್ದು ನಾನೇ. ಅಲ್ಲಿ ಎಲ್ಲದಕ್ಕೂ ಸರ್‌ನೇಮೇ ಮುಖ್ಯ, ಪೋಸ್ಟ್‌ಮ್ಯಾನು ಹುಡುಕೋದು ನಮ್ಮಪ್ಪನ ಹೆಸರನ್ನ, ಡಬ್ಬದ ಮೇಲೆ ಅಪ್ಪ ಬರೀ ಒಂದಕ್ಷರ ಆಗಿ ಕೂತವ್ರೆ.

ಶಾಂತಿಗ್ರಾಮದ ಹತ್ರ ನಮ್ಮ ಹಳ್ಳಿಗೆ ವಿಳಾಸ ಇಲ್ದೆ ಬರೀ ಅಪ್ಪನ ಹೆಸರಿದ್ರೂ ಕಾಗದ ಬರುತ್ತೆ, ಪೋಸ್ಟ್‌ಮ್ಯಾನ್ ಹೊಲಕ್ಕೇ ತಂದು ಕೊಟ್ಟಿದ್ದೂ ಇದೆ. ಆ ಹೆಸರು ಇಲ್ದೇ ಇದ್ದಿದ್ದಕ್ಕೆ ಅಲ್ಲಿ ಮಗಳ ಕಾಗದ ವಾಪಸ್ ಹೋಯ್ತು. ನಾನು ದಿನಾ ಯಾರ್ಯಾರದೋ ಮನೆಗೆ ನೇಮ್ ಬೋರ್ಡು, ಸ್ಟಿಕ್ಕರು, ಐಡಿ ಕಾರ್ಡು ಮಾಡ್ಕೊಡೋನು, ನನ್ನ ತಂಗಿ ಡಬ್ಬದ ಮೇಲೆ ಟೇಪ್ ಅಂಟಿಸಿದ ಹಾಳೆ. ಅವತ್ತೇ ರಾತ್ರಿ ಅಪ್ಪನ ಪೂರ್ತಿ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ಅವಳ ಹೆಸರು, ಅಳತೆ ಕೇಳಿ ಅಳತೆಗೆ ಸರಿಯಾಗಿ ಇಂಗ್ಲಿಷಲ್ಲಿ ಡಿಸೈನ್ ಮಾಡಿ ಪಿಡಿಎಫ್ ಕಳಿಸ್ದೆ, ಅವಳು ಲೈಬ್ರರೀಲಿ ಪ್ರಿಂಟ್ ತೆಗೆದು ಅಂಟಿಸಿದ್ಲು. ನಾಲ್ಕನೇ ದಿನಕ್ಕೆ ಒಂದು ಕಾಗದ ಬಂತು ನೋಡಿ, ಬ್ಯಾಂಕಿಂದಲ್ಲ, ಟಿವಿ ರೇಡಿಯೋ ಶುಲ್ಕ ಕಟ್ಟಿ ಅಂತ, ತಿಂಗಳಿಗೆ 18.36 ಯೂರೋ, ಟಿವಿ ಇರಲಿ ಬಿಡಲಿ ಮನೆಗೊಂದು ಕಟ್ಟಲೇಬೇಕು. ಅದು ಫ್ಲ್ಯಾಟಿಗೆಲ್ಲ ಸೇರಿ ಒಂದೇ, ಬೇರೆ ಹುಡುಗಿ ಆಗಲೇ ಕಟ್ತಿದ್ಲು, ಆ ನಂಬರ್ ಬರೆದು ಉತ್ತರ ಕಳಿಸಿದ್ರೆ ಮುಗೀತು. ಆಮೇಲೆ ಬ್ಯಾಂಕಿಂದೂ ಬಂತು. ಅಪ್ಪನಿಗೆ ಒಂದು ಖುಷಿ ಏನಂದ್ರೆ, ಅಲ್ಲಿ ಆಫೀಸಲ್ಲಿ ಇವಳನ್ನ ಕೂಗೋದು ಅಪ್ಪನ ಹೆಸರಿಗೆ ಫ್ರೌ ಸೇರಿಸಿ. ಫ್ರೌ ಅಂದ್ರೆ ಶ್ರೀಮತಿ ತರ ಅಂತ ಗೊತ್ತಾದ ಮೇಲೆ ಖುಷಿ ಸ್ವಲ್ಪ ಕಮ್ಮಿ ಆಗಿದೆ.

ಅಡುಗೆ ಬಗ್ಗೆ ಉದ್ದ ಬರೆಯಲ್ಲ. ಕರೆಂಟ್ ಒಲೇಲಿ ಮೊದಲ ಸಲ ಸಾಸಿವೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಾಗ ಸೂರಲ್ಲಿರೋ ಹೊಗೆ ಅಲಾರಂ ಕಿರುಚ್ಕೊಂಡು, ಇವಳು ಕುರ್ಚಿ ಹತ್ತಿ ಟವೆಲಲ್ಲಿ ಗಾಳಿ ಬೀಸಿದ್ದಾಳೆ, ಈಗ ಕಿಟಕಿ ಪೂರ್ತಿ ತೆಗೆದು ಜಾಕೆಟ್ ಹಾಕ್ಕೊಂಡು ಒಗ್ಗರಣೆ ಹಾಕ್ತಾಳೆ. ಖಾಲಿ ನೀರಿನ ಬಾಟ್ಲಿ ಮೊದಲ ವಾರ ಎಲ್ಲಾ ಎಸೆದಿದ್ಲು, ಆಮೇಲೆ ಗೊತ್ತಾಯ್ತು ಒಂದೊಂದಕ್ಕೂ 25 ಸೆಂಟು ಡೆಪಾಸಿಟ್ ಇರುತ್ತೆ, ಅಂಗಡೀಲಿ ಮಿಷನ್ನಿಗೆ ಹಾಕಿದ್ರೆ ವಾಪಸ್ ಬರುತ್ತೆ, ನಮ್ಮ ಗೋಲಿಸೋಡಾ ಬಾಟ್ಲಿ ಇದ್ದಂಗೆ. ಕ್ಯಾಂಟೀನಲ್ಲಿ ಆಲೂಗಡ್ಡೆ ಬೇಯಿಸಿದ್ದು, ಆಲೂಗಡ್ಡೆ ಹುರಿದಿದ್ದು, ಆಲೂಗಡ್ಡೆ ಹಿಸುಕಿದ್ದು. ಅಪ್ಪ ಫೋನಲ್ಲಿ ಅಲ್ಲೂ ಅಂಗಮಾರಿ ರೋಗ ಬರುತ್ತಾ ಕೇಳು ಅಂತಾರೆ, ಯಾರನ್ನ ಕೇಳ್ಬೇಕು ಅಂತ ಅವಳಿಗೂ ಗೊತ್ತಿಲ್ಲ.

ಇನ್ನೊಂದು ವಿಷಯ, ಇದು ಮನೆಯವರಿಗೆ. ಅಕ್ಟೋಬರ್ ಕೊನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಅಲ್ಲಿಂದ ಮೂರೂವರೆ ಇದ್ದಿದ್ದು ನಾಲ್ಕೂವರೆ ಗಂಟೆ ವ್ಯತ್ಯಾಸ ಆಗುತ್ತೆ. ಅಮ್ಮ ದಿನಾ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡ್ತಿದ್ರು, ಅವಳಿಗೆ ಕ್ಲಾಸ್ ಮುಗಿದ ಹೊತ್ತು. ಗಡಿಯಾರ ತಿರುಗಿದ ಮೇಲೆ ಅದೇ ಹೊತ್ತಿಗೆ ಅವಳು ಕ್ಲಾಸಲ್ಲಿ, ಫೋನ್ ಎತ್ತಲ್ಲ. ಮೂರು ದಿನ ಎತ್ತಲಿಲ್ಲ ಅಂತ ಅಮ್ಮ ಊಟ ಬಿಟ್ರು, ಸಂಬಂಧಿಕರೆಲ್ಲ ಬಂದು ವಿಚಾರಿಸೋ ಮಟ್ಟಕ್ಕೆ ಹೋಯ್ತು. ಡಿಸೆಂಬರಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆ ಕತ್ತಲೆ, ವಿಡಿಯೋದಲ್ಲಿ ಮುಖ ಡಲ್ ಕಂಡ್ರೆ ಕಾಯಿಲೆ ಅಂದ್ಕೋಬೇಡಿ, ಲೈಟ್ ಹಾಕಿಲ್ಲ ಅಷ್ಟೇ.

ಈಗ ಮತ್ತೆ ಸೀಸನ್ ಶುರುವಾಗಿದೆ, ಅಂಗಡಿಗೆ ಮಕ್ಕಳು ಫೈಲ್ ಹಿಡ್ಕೊಂಡು ಬರ್ತಿದಾರೆ, ಅರಸೀಕೆರೆ, ಬೇಲೂರು, ಸಕಲೇಶಪುರ ಕಡೆಯಿಂದೆಲ್ಲ. ಹಾಗಾಗಿ ಸಂಪಾದಕರೇ, ನನ್ನದು ನಿಮಗೆ ಒಂದೇ ಕೋರಿಕೆ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರೀಕ್ಷೆ ದಿಕ್ಸೂಚಿ ಅಂತ ಪುಟಗಟ್ಟಲೆ ಹಾಕ್ತೀರಿ, ಒಳ್ಳೇದು. ಅದೇ ತರ ಆಗಸ್ಟ್ ಸೆಪ್ಟೆಂಬರಲ್ಲಿ ಒಂದು ನಾಲ್ಕು ವಾರ, ವಾರಕ್ಕರ್ಧ ಪುಟ, ಹೊರಗೆ ಹೋಗಿ ಒಂದು ವರ್ಷ ಕಳೆದಿರೋ ನಮ್ಮ ಜಿಲ್ಲೆ ಮಕ್ಕಳಿಂದಲೇ ಕನ್ನಡದಲ್ಲಿ ಬರೆಸಿ. ರ‍್ಯಾಂಕ್ ಬಂದ ಕಥೆ ಬೇಡ, ಇಳಿದ ಮೊದಲ ದಿನ ಏನ್ ತಿಂದೆ, ಎಲ್ಲಿ ಮಲಗಿದೆ, ಯಾವ ಕಾಗದಕ್ಕೆ ಎಷ್ಟು ದಿನ ಅಲೆದೆ, ಕೈಯಲ್ಲಿ ಎಷ್ಟು ದುಡ್ಡು ಇದ್ದಿದ್ರೆ ಸಾಕಾಗ್ತಿತ್ತು, ಅದು. ಕನ್ನಡದಲ್ಲಿ ಯಾಕೆ ಅಂದ್ರೆ ಮಕ್ಕಳಿಗೆ ಇಂಗ್ಲಿಷಲ್ಲಿ ನೆಟ್ಟಲ್ಲಿ ಎಲ್ಲಾ ಸಿಗುತ್ತೆ, ಸಿಕ್ಕಿದ್ರೂ ಅವರು ಅಪ್ಪ ಅಮ್ಮನಿಗೆ ಹೇಳಲ್ಲ, ಸಾಲಕ್ಕೆ ಸಹಿ ಹಾಕೋರು ಅಪ್ಪ ಅಮ್ಮ. ಹದಿನೈದು ದಿನದ ರೂಮಲ್ಲಿ ಆ ಕಾಗದ ಕೊಡ್ತಾರಾ ಅಂತ ಒಂದು ಪ್ರಶ್ನೆ ನಮ್ಮಪ್ಪನಿಗೆ ಮೊದಲೇ ಗೊತ್ತಿದ್ರೆ, ಆ ಕನ್ಸಲ್ಟೆನ್ಸಿ ಹುಡುಗನ ಮುಂದೆ ಕೂತು ಉತ್ತರ ಬರೋವರೆಗೂ ಏಳ್ತಿರಲಿಲ್ಲ, ಮಂಡೀಲಿ ವ್ಯಾಪಾರ ಮಾಡಿದ ಮನುಷ್ಯ. ಜರ್ಮನಿ ಒಂದೇ ಅಲ್ಲ, ಕೆನಡಾ, ಐರ್ಲೆಂಡ್ ಕಡೆಗೂ ಹೋಗ್ತಾರೆ, ಅಲ್ಲಿ ಕಾಗದದ ಹೆಸರು ಬೇರೆ ಇರುತ್ತೆ, ಹೋದೋರೇ ಹೇಳ್ಬೇಕು. ಜಾಹೀರಾತು ಹಾಕಬೇಡಿ ಅಂತ ನಾನು ಹೇಳಲ್ಲ, ನಿಮಗೂ ನಡೀಬೇಕು. ಅದರ ಎದುರು ಪುಟದಲ್ಲಿ ಇದೂ ಇರ್ಲಿ ಅಷ್ಟೇ.

ಮತ್ತೆ ಅಲ್ಲಿಗೆ ಹೋದ ಮೊದಲ ತಿಂಗಳೇ ಪಾರ್ಟ್ ಟೈಮ್ ಕೆಲಸ ಸಿಗುತ್ತೆ ಸಾಲ ತೀರ್ಸ್ಬೋದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ವರ್ಷಕ್ಕೆ 140 ಪೂರ್ತಿ ದಿನ ಇಲ್ಲಾ 280 ಅರ್ಧ ದಿನ ಕೆಲಸ ಮಾಡ್ಬೋದು ಅಂತ ಅಲ್ಲಿ ಕಾನೂನಲ್ಲಿ ಇರೋದು ನಿಜ, ಆದ್ರೆ ಮಾಡ್ಬೋದು ಅನ್ನೋದು ಬೇರೆ, ಸಿಗೋದು ಬೇರೆ, ಜರ್ಮನ್ ಭಾಷೆ ಬರದೇ ಇರೋರಿಗೆ ಇನ್ನೂ ಕಷ್ಟ. ನಮ್ಮವಳಿಗೆ ಇನ್ನೂ ಸಿಕ್ಕಿಲ್ಲ. ಸಂಜೆ ಹೊತ್ತು ಭಾಷೆ ಕ್ಲಾಸಿಗೆ ಹೋಗ್ತಿದಾಳೆ.

ನಿನ್ನೆ ಒಬ್ಬ ಹುಡುಗ ಬಂದಿದ್ದ, ಚನ್ನರಾಯಪಟ್ಟಣದವನು, ಇನ್ನೂ ಅಡ್ಮಿಷನ್ ಆಗಿಲ್ಲ, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್ ಮಾಡ್ಸೋಕೆ. ಸ್ಕ್ಯಾನ್ ಆಗ್ತಿರುವಾಗ ಪಾಸ್‌ಪೋರ್ಟ್ ತೆಗೆಸಿ ನೋಡ್ದೆ, ಸರ್‌ನೇಮ್ ಜಾಗದಲ್ಲಿ ಅವರ ಊರಿನ ಹೆಸರಿದೆ. ಒಂದು ಸ್ಟಿಕ್ಕರ್ ಹಾಳೇಲಿ ಆ ಊರಿನ ಹೆಸರನ್ನ ದೊಡ್ಡದಾಗಿ ಹತ್ತು ಸಲ ಪ್ರಿಂಟ್ ಹಾಕಿ ಫೈಲ್ ಒಳಗೆ ಇಟ್ಟೆ. ಇದೇನಕ್ಕೆ ಅಣ್ಣ ಅಂದ. ಇಟ್ಕೋ, ದುಡ್ಡು ಬೇಡ ಅಂದೆ.

ಇತಿ ತಮ್ಮ ಓದುಗ,
ಒಬ್ಬ ಜೆರಾಕ್ಸ್ ಅಂಗಡಿಯವನು,
ಹಾಸನ